ಅಣ್ಣನ ಶ್ರುತಿಯಲ್ಲಿ ತಮ್ಮ

ನಮ್ಮ ತಂಡದಲ್ಲಿ ನಾನು ಡ್ರಮ್ಸ್ ಬಾರಿಸುತ್ತೇನೆ. ಬಾರಿಸುತ್ತೇನೆ ಎನ್ನುವುದು ನನ್ನ ಅಂದಾಜು. ನನ್ನ ಹೆಂಡತಿ ಅದನ್ನು ಬಡಿಯುವುದು ಎನ್ನುತ್ತಾಳೆ. ಹಗಲೆಲ್ಲ ವಿಮಾ ಕಚೇರಿಯಲ್ಲಿ ಕೂತು ಯಾರು ಯಾವಾಗ ಸಾಯಬಹುದು ಎಂದು ತಲೆ ಕೆರೆದುಕೊಂಡು, ಸಂಜೆ ಯಾರದೋ ಮದುವೆಯಲ್ಲಿ ಹಳೆಯ ಸಿನಿಮಾ ಹಾಡುಗಳಿಗೆ ತಾಳ ಹಾಕುವವನು ನಾನು. ಎರಡೂ ಕಡೆ ನನ್ನನ್ನು ಯಾರೂ ಗಮನಿಸುವುದಿಲ್ಲ. ತಪ್ಪಿದಾಗ ಮಾತ್ರ ಎರಡೂ ಕಡೆ ಎಲ್ಲರೂ ಗಮನಿಸುತ್ತಾರೆ. ಹೀಗಾಗಿ ಇದು ನನ್ನ ಕಥೆಯಲ್ಲ. ನನಗಿಂತ ಎರಡು ಮಾರು ಮುಂದೆ, ಮೈಕಿನ ಎದುರು ನಿಲ್ಲುವವನ ಕಥೆ. ಅವನ ಮುಖ ನೋಡಿದವರು ಸಾವಿರಾರು ಮಂದಿ ಇರಬಹುದು. ಬೆನ್ನನ್ನು ನನ್ನಷ್ಟು ನೋಡಿದವರು ಇನ್ನೊಬ್ಬರಿಲ್ಲ.

ಅವನನ್ನು ನಾವೆಲ್ಲ ತಮ್ಮ ಎಂದು ಕರೆಯುತ್ತೇವೆ. ತಲೆ ಅರ್ಧ ಬೋಳಾಗಿದೆ, ಉಳಿದರ್ಧ ಬೆಳ್ಳಗಾಗಿದೆ, ಆದರೂ ತಮ್ಮನೇ. ತಂಡ ಕಟ್ಟಿದ್ದು ಅವನ ಅಣ್ಣ. ಅಣ್ಣ ಹಾಡುವ ಕಾಲಕ್ಕೆ ಇವನು ಮೈಕಿನ ತಂತಿ ಸುತ್ತುವವನು, ಸ್ಪೀಕರ್ ಹೊರುವವನು. 'ತಮ್ಮಾ, ಆ ಸ್ಟ್ಯಾಂಡ್ ಹಿಡಿ', 'ತಮ್ಮಾ, ಈ ವೈರ್ ಎಳಿ' ಎನ್ನುವಲ್ಲಿಗೆ ಅವನ ಹೆಸರು ನಿಂತುಹೋಯಿತು. ಈಗಿನ ಹುಡುಗರು ವಯಸ್ಸಿಗೆ ಮರ್ಯಾದೆ ಕೊಟ್ಟು 'ತಮ್ಮಣ್ಣ' ಎನ್ನುತ್ತಾರೆ. ಒಬ್ಬನೇ ಮನುಷ್ಯ ತಮ್ಮನೂ ಅಣ್ಣನೂ ಆಗಿಬಿಟ್ಟ ಸಂಗತಿಯನ್ನು ಆ ಹುಡುಗರು ಗೊತ್ತಿಲ್ಲದೆಯೇ ಹೇಳಿಬಿಟ್ಟಿದ್ದಾರೆ.

ಅಣ್ಣ ಹಾಡುತ್ತಿದ್ದದ್ದು ಮಂದಿಗೆ ಗೊತ್ತಿರುವ ಹಾಡುಗಳನ್ನು ಮಾತ್ರ. ನಮ್ಮ ಕೀಬೋರ್ಡಿನವರು, ಅಂದರೆ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಷ್ಟ್ರು, ಒಮ್ಮೆ ಸ್ವಂತದ್ದೂ ಒಂದೆರಡು ಕಟ್ಟಬಾರದೇಕೆ ಎಂದು ಕೇಳಿದ್ದರು. ಅಣ್ಣ ನಕ್ಕು ಹೇಳಿದ: "ಮೇಷ್ಟ್ರೇ, ಮದುವೆಗೆ ಬಂದೋರು ಊಟಕ್ಕೆ ಕೂತಿರ್ತಾರೆ. ಗೊತ್ತಿರೋ ಹಾಡು ತುತ್ತಿನ ಜೊತೆ ಇಳಿದುಹೋಗುತ್ತೆ. ಹೊಸದು ಹಾಡಿದ್ರೆ ಗಂಟಲಲ್ಲಿ ಸಿಕ್ಕೊಳ್ಳುತ್ತೆ. ಯಾರಾದ್ರೂ ಕೆಮ್ಮಿ ಸತ್ರೆ ಹೊಣೆ ಯಾರು, ಈ ವಿಮೆಯವನಾ?" ವಿಮೆಯವನು ಎಂದರೆ ನಾನು. ನಮ್ಮ ಹಾಡನ್ನು ರೆಕಾರ್ಡ್ ಮಾಡಿಕೊಳ್ಳಲೂ ಅವನು ಯಾರಿಗೂ ಬಿಡುತ್ತಿರಲಿಲ್ಲ. ಡಬ್ಬಿಯೊಳಗೆ ತುಂಬಿಕೊಂಡರೆ ಮುಂದಿನ ಮದುವೆಗೆ ನಮ್ಮನ್ನು ಯಾರು ಕರೆಯುತ್ತಾರೆ ಎನ್ನುವುದು ಅವನ ವಾದ.

ಅಂಥ ಅಣ್ಣ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ನಿಂತಲ್ಲೇ ಕುಸಿದ. ನಮ್ಮ ಕಚೇರಿಯ ಯಾವ ಕೋಷ್ಟಕದ ಪ್ರಕಾರವೂ ಅವನು ಆಗ ಸಾಯಬೇಕಾದವನಲ್ಲ.

ಒಪ್ಪಿಕೊಂಡ ಮದುವೆಗಳು ಮುಂದಿದ್ದವು. ಅದರಲ್ಲೊಂದು ಮನೆಯ ಹಿರಿಯರು ದುಃಖ ಹೇಳಲು ಬಂದು, ಕಣ್ಣೊರೆಸಿಕೊಂಡು, ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತರು. "ಆಗಬಾರದ್ದು ಆಗೋಯ್ತು. ಆದ್ರೆ ಕಾರ್ಡಿನಲ್ಲಿ ನಿಮ್ಮ ತಂಡದ ಹೆಸರು ಹಾಕ್ಸಿಬಿಟ್ಟಿದ್ದೀವಿ. ಹಾಡೋರು ಯಾರಾದ್ರೂ ಆಗ್ಲಿ, ದನಿ ಮಾತ್ರ ಅದೇ ಇರ್ಲಿ." ಹೀಗೆ, ಸತ್ತವನಿಗೆ ರಜೆ ಮಂಜೂರಾಗಲಿಲ್ಲ.

ತಮ್ಮ ತಂತಿ ಸುತ್ತುತ್ತ ಸುತ್ತುತ್ತ ಅಷ್ಟೂ ಹಾಡುಗಳನ್ನು ಹೊಟ್ಟೆಯೊಳಗೆ ಸುತ್ತಿಟ್ಟುಕೊಂಡಿದ್ದ ಎನ್ನುವುದು ನಮಗೆ ಗೊತ್ತಾದದ್ದು ಆಗಲೇ. ಆ ವಾರ ಅಣ್ಣತಮ್ಮಂದಿರ ಮನೆಯ ಮುಂಗೋಣೆಯಲ್ಲಿ ಅಭ್ಯಾಸಕ್ಕೆ ಕೂತೆವು. ಕೆಳಗೆ ಅವರ ಇಸ್ತ್ರಿ ಅಂಗಡಿ, ಮೇಲೆ ಮನೆ. ಮಂಗಳವಾರ ಅಂಗಡಿಗೆ ರಜೆ, ಹಾಗಾಗಿ ಅಭ್ಯಾಸ ಯಾವಾಗಲೂ ಮಂಗಳವಾರ ಸಂಜೆ. ತಮ್ಮ ಎದ್ದು ನಿಂತು ಕಣ್ಣು ಮುಚ್ಚಿದ. ಹಾಡುವ ಮುಂಚೆ ಮೈಕಿನಿಂದ ಮುಖ ತಿರುಗಿಸಿ ಒಮ್ಮೆ ಗಂಟಲು ಸರಿ ಮಾಡಿಕೊಂಡ. ಅದು ಅಣ್ಣನ ಅಭ್ಯಾಸ. ಆಮೇಲೆ ಬಾಯಿ ತೆರೆದ. ನನ್ನ ಕೈಯಲ್ಲಿದ್ದ ಕೋಲು ಹಾಗೇ ಗಾಳಿಯಲ್ಲಿ ನಿಂತಿತು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

ಅತ್ತಿಗೆ ಬಾಗಿಲಿಗೆ ಬಂದರು. ಅಣ್ಣನ ಹೆಂಡತಿಯನ್ನು ತಮ್ಮ ಕರೆದಂತೆಯೇ ನಾವೂ ಅತ್ತಿಗೆ ಎಂದೇ ಕರೆಯುತ್ತಿದ್ದೆವು. ತಮ್ಮನ ಮುಖವನ್ನು ಅವರು ನೋಡಿದರು. ಆಮೇಲೆ ಮುಖ ನೋಡುವುದು ಬೇಡ ಎನಿಸಿರಬೇಕು. ಒಳಕೋಣೆಗೆ ಹೋಗಿ ಬಾಗಿಲನ್ನು ಅರ್ಧಕ್ಕೆಳೆದು, ದೀಪ ಆರಿಸಿ ಕೂತರು.

ಅಲ್ಲಿಂದ ಮುಂದೆ ಪ್ರತಿ ಮಂಗಳವಾರವೂ ಹಾಗೇ. ವಾರವಿಡೀ ಅತ್ತಿಗೆ ಎಲ್ಲರಂತೆ. ಅಂಗಡಿಗೆ ಬಂದ ಶರ್ಟುಗಳಿಗೆ ಬಿದ್ದುಹೋದ ಗುಂಡಿ ಹೊಲಿಯುವರು, ಗಿರಾಕಿಗಳನ್ನು ಗದರುವರು, ನನ್ನ ಹೊಟ್ಟೆ ನೋಡಿ "ಈ ಶರ್ಟಿನ ಗುಂಡೀನ ನಾನು ಹೊಲೀಬಹುದು, ನಿಲ್ಲಿಸೋದು ದೇವ್ರ ಕೈಲಿದೆ" ಎನ್ನುವರು. ಮಂಗಳವಾರ ಸಂಜೆ ಮಾತ್ರ ಒಳಕೋಣೆಯಲ್ಲಿ ಕತ್ತಲು. ಅಣ್ಣ ಹಾಡುವಾಗ ಹಾಕುತ್ತಿದ್ದ ಕೋಟನ್ನು ತಮ್ಮನ ಅಳತೆಗೆ ತೋಳು ಮಡಚಿ ಹೊಲಿದುಕೊಟ್ಟವರೂ ಅವರೇ.

ಒಮ್ಮೆ ಹಾಡುಗಳ ನಡುವೆ ನನಗೆ ಬಾಯಾರಿತು. ನೀರಿನ ಕೊಡ ಇರುವುದು ಒಳಕೋಣೆಯ ಆಚೆ. ಸದ್ದಿಲ್ಲದೆ ಹೋಗೋಣವೆಂದು ಹೊರಟವನು, ಅರ್ಧ ತೆರೆದ ಬಾಗಿಲಿನ ಬಳಿ ನಿಂತುಬಿಟ್ಟೆ. ಅತ್ತಿಗೆ ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ಇನ್ನೊಂದು ಕುರ್ಚಿ ಎಳೆದಿಟ್ಟಿತ್ತು. "ಇವತ್ತು ಗಂಟಲು ಒಣಗಿದೆ ನಿಮಗೆ," ಎಂದರು ಅವರು ಆ ಕುರ್ಚಿಗೆ, ಸಾರು ಸಪ್ಪೆಯಾಗಿದೆ ಎನ್ನುವಷ್ಟು ಸಾಧಾರಣವಾಗಿ. "ಧೂಳಿನಲ್ಲಿ ಓಡಾಡಬೇಡಿ ಅಂದ್ರೆ ಕೇಳಲ್ಲ." ನಾನು ನೀರು ಕುಡಿಯದೆ ವಾಪಸು ಬಂದೆ. ಮುಂದಿನ ಹಾಡಿನಲ್ಲಿ ನನ್ನ ತಾಳ ತಪ್ಪಿತೆಂದು ಮೇಷ್ಟ್ರು ಬೈದರು. ನನಗೆ ಬಾಯಾರಿಕೆ ಹೋಗಿತ್ತು.

ವರ್ಷಗಳು ಹೋದವು. ತಮ್ಮ ಮದುವೆಯಾಗಲಿಲ್ಲ. ನೋಡಲು ಹೋದ ಒಂದು ಮನೆಯಲ್ಲಿ ಹುಡುಗಿಯ ತಾಯಿ ಹಾಡು ಎಂದರಂತೆ, ಹಾಡಿದನಂತೆ. ಅವರು ಕಣ್ಣೀರು ಹಾಕಿ "ಪಾಪ, ನಿಮ್ಮಣ್ಣನೇ ಬಂದು ಕೂತ ಹಾಗಿತ್ತು" ಎಂದು ಸಂಬಂಧ ಬೇಡವೆಂದರಂತೆ. ಸತ್ತವನಿಗೆ ಮಗಳನ್ನು ಯಾರು ಕೊಡುತ್ತಾರೆ. ಮಾತಾಡುವಾಗಲೂ ಅವನ ದನಿ ಹಾಗೇ ಆಗಿತ್ತು. ಒಮ್ಮೆ ಬಹಳ ದಿನ ಊರಲ್ಲಿಲ್ಲದ ಒಬ್ಬ ಹಳೆಯ ಗಿರಾಕಿ ಅಂಗಡಿಗೆ ಫೋನ್ ಮಾಡಿ, ದನಿ ಕೇಳಿದೊಡನೆ ಗಲಿಬಿಲಿಗೊಂಡು, "ಅಲ್ಲ, ನೀವು ತೀರ್ಕೊಂಡ್ರಿ ಅಂತ ಯಾರೋ ಹೇಳಿದ್ರಲ್ಲ" ಎಂದ. ತಮ್ಮ "ಹೌದು" ಎಂದು ಫೋನ್ ಇಟ್ಟ. ಇದನ್ನು ಅವನೇ ನಮಗೆ ನಗುತ್ತ ಹೇಳಿದ. ನಾವೂ ನಕ್ಕೆವು, ಆದರೆ ನಗು ಬೇಗ ಮುಗಿಯಿತು.

ಈಗ ಮೇಷ್ಟ್ರ ಗುಂಡಿಯ ವಿಷಯ ಹೇಳಬೇಕು. ಅಣ್ಣನದು ಏರುದನಿ. ಮೇಷ್ಟ್ರಿಗೆ ಅಭ್ಯಾಸವಿರುವುದು ಒಂದೇ ಶ್ರುತಿಯಲ್ಲಿ. ಬೇರೆ ಶ್ರುತಿಗೆ ಬೆರಳು ಬದಲಿಸುವ ವಯಸ್ಸಲ್ಲ ಎಂದು ಅವರು ಕೀಬೋರ್ಡಿನ ಒಂದು ಗುಂಡಿಯನ್ನು ಮೂರು ಸಲ ಒತ್ತಿಬಿಡುತ್ತಿದ್ದರು. ಬೆರಳು ಅಲ್ಲೇ ಇರುತ್ತಿತ್ತು, ನಾದ ಮೂರು ಮೆಟ್ಟಿಲು ಮೇಲೆ ಹೋಗುತ್ತಿತ್ತು. ಅಣ್ಣ ಹೋದ ಮೇಲೂ ಆ ಪದ್ಧತಿ ಹಾಗೇ ಉಳಿಯಿತು. ಕೀಬೋರ್ಡ್ ಚಾಲೂ ಮಾಡು, ಮೂರು ಸಲ ಒತ್ತು, ಶುರು ಮಾಡು.

ಒಂದು ಮಧ್ಯಾಹ್ನ ಮದುವೆಯ ಸಭಾಂಗಣದಲ್ಲಿ ಎರಡು ಹಾಡಿನ ನಡುವೆ ಕರೆಂಟ್ ಹೋಗಿ ಬಂತು. ಮನುಷ್ಯರಿಗಿಂತ ಯಂತ್ರಗಳಿಗೆ ಮರೆವು ಸುಲಭ. ಕೀಬೋರ್ಡ್ ಎಲ್ಲ ಮರೆತು ಮೊದಲಿನ ಶ್ರುತಿಗೆ ಇಳಿದು ಕೂತಿತ್ತು. ಮೇಷ್ಟ್ರು ನೋಡಲಿಲ್ಲ. ನಾನು ನಾಲ್ಕು ಎಣಿಸಿದೆ, ಅವರು ನುಡಿಸಿದರು, ತಮ್ಮ ಎಂದಿನಂತೆ ಕಣ್ಣು ಮುಚ್ಚಿ ನಾದವನ್ನು ಹಿಡಿದು ಹಾಡಿದ.

ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಗಲವಾದ, ಸ್ವಲ್ಪ ಒರಟಾದ ದನಿ. ಬಹಳ ದಿನ ಮುಚ್ಚಿದ್ದ ಬೀರು ತೆರೆದಾಗ ಬರುವ ಗಾಳಿಯಂತೆ ಹೊರಗೆ ಬಂತು. ಮೇಷ್ಟ್ರಿಗೆ ಎರಡನೇ ಸಾಲಿಗೆ ತಪ್ಪು ತಿಳಿಯಿತು. ಕೈ ಗುಂಡಿಯ ಕಡೆ ಹೋಯಿತು. ಅಲ್ಲೇ ನಿಂತಿತು. ಮುಂದಿನ ಕುರ್ಚಿಗಳಲ್ಲಿ ಕೂತಿದ್ದ ಒಬ್ಬ ಅಜ್ಜಿ ಪಕ್ಕದವಳನ್ನು ಕೇಳಿದ್ದು ನನಗೆ ಕೇಳಿಸಿತು: "ಯಾರೇ ಇವನು, ಮೊದಲು ಹಾಡ್ತಿದ್ದೋನು ಎಲ್ಲಿಗೆ ಹೋದ?" ಹಾಡು ಮುಗಿದ ಮೇಲೆ ಮನೆಯವರು ವೇದಿಕೆಯ ಹಿಂದೆ ಬಂದು, ಹೇಳದೆ ಕೇಳದೆ ಹಾಡುಗಾರನನ್ನು ಬದಲಾಯಿಸುವುದು ಸರಿಯಲ್ಲ ಎಂದು ಸಿಟ್ಟು ಮಾಡಿದರು. ಬದಲಾಗಿಲ್ಲ, ಇವನೇ ಎಂದು ತೋರಿಸಿದರೆ, ಅವನ ಕೋಟು ನೋಡಿ ನಂಬಿದರೇ ಹೊರತು ಮುಖ ನೋಡಿ ಅಲ್ಲ.

ತಮ್ಮ ಹಿಂದಿನ ಮೆಟ್ಟಿಲ ಮೇಲೆ ಕೂತು ಮುಖ ಒರೆಸಿಕೊಳ್ಳುತ್ತಿದ್ದ. "ಮೇಷ್ಟ್ರೇ, ಅದ್ಯಾರು ಹಾಡಿದ್ದು?"

"ನೀನೇ ಕಣೋ."

"ಹಂಗಾದ್ರೆ ಇಷ್ಟು ವರ್ಷ?"

"ಇಷ್ಟು ವರ್ಷ ನಿನ್ನ ಶ್ರುತಿ ಯಾವುದು ಅಂತ ನೀನೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ನಾನು ಗುಂಡಿ ಒತ್ತಿದ್ದೇ ಒತ್ತಿದ್ದು, ಈ ವಿಮೆಯವನು ಬಡಿದಿದ್ದೇ ಬಡಿದಿದ್ದು."

ತಮ್ಮ "ಅಂಗಡೀಲಿ ನಾನು ಹಿಂಗೇ ಹಾಡ್ಕೊಳ್ಳೋದು" ಎಂದ. "ಬೇರೆ ಹಾಡು. ನಂದೇ."

ಮರುದಿನ ನಾನು ಕಚೇರಿಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಹೋದೆ. ಇಸ್ತ್ರಿಗೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ; ಮೈಮೇಲಿದ್ದ ಶರ್ಟನ್ನೇ ಬಿಚ್ಚಿಕೊಟ್ಟು ಬನಿಯನ್ನಿನಲ್ಲಿ ಕೂತೆ. ಹಬೆಯ ಸದ್ದಿನ ಅಡಿಯಲ್ಲಿ ಅವನು ಹಾಡಿದ. ಇಸ್ತ್ರಿಪೆಟ್ಟಿಗೆ ಉದ್ದಕ್ಕೆ ಹೋದಾಗ ಉದ್ದ ಸಾಲು, ಎತ್ತಿದಾಗ ಒಂದು ಉಸಿರು, ತಿರುಗಿ ಬಂದಾಗ ಗಿಡ್ಡ ಸಾಲು. ತೋಳಿಗೊಂದು ನಡೆ, ಬೆನ್ನಿಗೊಂದು ನಡೆ. ಒಂದು ಹಾಡು ಹೀಗಿತ್ತು: 'ಕಾಲರಿನ ಮಡಿಕೆಯಲಿ ಯಾರ ಕುತ್ತಿಗೆ ಗುರುತು, ಒಗೆದರೂ ಹೋಗದದು, ಬಿಸಿಗೂ ಬಗ್ಗದದು.' ನಾನು ಸಂಗೀತದ ವಿಷಯದಲ್ಲಿ ದೊಡ್ಡ ಮಾತಾಡುವ ಅರ್ಹತೆಯವನಲ್ಲ. ಆದರೆ ಕೂತಲ್ಲೇ ನನ್ನ ಬೆರಳು ನನ್ನನ್ನು ಕೇಳದೆ ಮೇಜಿನ ಮೇಲೆ ತಾಳ ಹಾಕತೊಡಗಿತ್ತು, ಮತ್ತು ಆ ತಾಳ ತಪ್ಪಲಿಲ್ಲ. ಅದೇ ನನಗೆ ದೊಡ್ಡ ಸಾಕ್ಷಿ.

ನಮ್ಮಿಬ್ಬರ ಹಿಂದೆ ಮೆಟ್ಟಿಲ ಮೇಲೆ ಇನ್ನೊಬ್ಬಳು ಕೇಳುತ್ತಿದ್ದಳು. ಅಣ್ಣನ ಮಗಳು. ಅಪ್ಪ ಹೋದಾಗ ತೀರ ಚಿಕ್ಕವಳು. ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ, ಬಾಯಿ ಅಮ್ಮನದು. "ಚಿಕ್ಕಪ್ಪ, ನಮ್ಮ ಅಂಗಡಿ ಹಿಂದೆ ಹಳೇ ಗೋದಾಮಿದೆಯಲ್ಲ, ಅಲ್ಲಿ ಭಾನುವಾರ ಸಂಜೆ ಹಾಡ್ತಾರೆ. ಅವರದ್ದೊಂದೇ ಷರತ್ತು: ಸ್ವಂತ ಹಾಡೇ ಹಾಡ್ಬೇಕು. ಬೇರೆಯವರದ್ದು ಒಂದು ಸಾಲು ಹಾಡಿದ್ರೂ ಕೆಳಗಿಳಿಸ್ತಾರೆ. ನಿನ್ನ ಹೆಸರು ಕೊಟ್ಟು ಬರ್ತೀನಿ."

"ಯಾವ ಹೆಸರು ಕೊಡ್ತೀಯ," ಎಂದ ತಮ್ಮ. ಆಮೇಲೆ ಮೇಲಿನ ಮನೆಯ ಕಡೆ ನೋಡಿದ. "ನನಗೇನೋ ಆಸೆ ಇದೆ ಪುಟ್ಟಿ. ಆದ್ರೆ ಒಂದು ಸಲ ಈ ದನಿ ಹೊರಗೆ ಬಂದ್ರೆ ಅದು ವಾಪಸ್ ಹೋಗಲ್ಲ. ಮಂಗಳವಾರ ನಿಮ್ಮಮ್ಮನಿಗೆ ಏನು ಮಾಡ್ಲಿ? ಅವರು ಹೂಂ ಅಂದ್ರೆ ಹೋಗ್ತೀನಿ. ಇಲ್ಲಾಂದ್ರೆ ಇಲ್ಲ."

"ಅಮ್ಮ ಕತ್ತಲಲ್ಲಿ ಕೂತು ಕುರ್ಚಿ ಜೊತೆ ಮಾತಾಡ್ತಾಳೆ, ನೀವೆಲ್ಲ ಹೊರಗೆ ಕೂತು ಅದಕ್ಕೆ ಹಿನ್ನೆಲೆ ನುಡಿಸ್ತೀರ," ಎಂದಳು ಅವಳು. ನನ್ನನ್ನೂ ಸೇರಿಸಿಯೇ ನೋಡಿದಳು. ಬನಿಯನ್ನಿನಲ್ಲಿರುವ ಮನುಷ್ಯ ಅಂಥ ಮಾತಿಗೆ ಎದುರಾಡಲಾರ. "ನಿನಗೊಂದು ಹೇಳ್ಲಾ ಚಿಕ್ಕಪ್ಪ? ನನಗೆ ಅಪ್ಪನ ದನಿ ನೆನಪಿಲ್ಲ. ಹುಡುಕಿದ್ರೆ ನಿನ್ನದೇ ಸಿಗುತ್ತೆ. ನೀನು ಅದರ ಮೇಲೆ ಕೂತ್ಬಿಟ್ಟಿದ್ದೀಯ."

ಅವಳು ಅಷ್ಟಕ್ಕೆ ಬಿಡಲಿಲ್ಲ. ಅಣ್ಣ ಯಾರಿಗೂ ರೆಕಾರ್ಡ್ ಮಾಡಲು ಬಿಡದಿದ್ದರೂ, ಮದುವೆಯ ವಿಡಿಯೊದವನನ್ನು ತಡೆಯಲು ಯಾರಿಂದಾಗುತ್ತದೆ. ಅವಳ ಜೊತೆ ಕೆಲಸ ಮಾಡುವವಳ ಅಪ್ಪ ಅಮ್ಮನ ಮದುವೆಯಲ್ಲಿ ಹಾಡಿದ್ದು ನಾವೇ ಎಂದು ಹೇಗೋ ಗೊತ್ತಾಗಿ, ಆ ವಿಡಿಯೊವನ್ನು ಫೋನಿಗೆ ಇಳಿಸಿಕೊಂಡು ಬಂದಳು. ಮೊದಲು ನಮಗೆ, ಕೆಳಗೆ ಅಂಗಡಿಯಲ್ಲಿ, ಬಾಗಿಲು ಹಾಕಿ ತೋರಿಸಿದಳು.

ಕೇಕಿನ ಪಕ್ಕ ನಿಂತ ಮದುಮಕ್ಕಳ ಹಿಂದೆ, ಮೂಲೆಯಲ್ಲಿ, ಕೋಟು ಹಾಕಿದ ಅಣ್ಣ. ಅವನ ಹಿಂದೆ ತಲೆತುಂಬ ಕೂದಲಿರುವ ಒಬ್ಬ ತೆಳ್ಳನೆಯ ಯುವಕ ಡ್ರಮ್ಸ್ ಬಾರಿಸುತ್ತಿದ್ದ. ಯಾರಿವನು ಎಂದು ಕೇಳಲು ಬಾಯಿ ತೆರೆದವನು ಸಮಯಕ್ಕೆ ಸರಿಯಾಗಿ ಮುಚ್ಚಿಕೊಂಡೆ. ಅಣ್ಣ ಹಾಡಿದ. ನಾವು ಮೂವರೂ ಫೋನಿನ ಮೇಲೆ ಬಗ್ಗಿದೆವು.

ಅದು ತಮ್ಮನ ದನಿಯಾಗಿರಲಿಲ್ಲ. ತೆಳು ದನಿ, ಸ್ವಲ್ಪ ಮೂಗಿನಲ್ಲಿ. ಸಾಲಿನ ಕೊನೆಯನ್ನು ಅವನು ಎಳೆಯುತ್ತಿರಲಿಲ್ಲ, ಅವಸರದಲ್ಲಿ ಕತ್ತರಿಸುತ್ತಿದ್ದ. ತಮ್ಮ ಎಳೆಯುತ್ತಾನೆ. ನಾವು ಇಷ್ಟು ವರ್ಷ ಯಾವ ದೇವರ ಮುಂದೆ ನಿಲ್ಲಿಸಿ ಕೇಳಿದರೂ, ಅದೇ ದನಿ, ಕೂದಲೆಳೆ ವ್ಯತ್ಯಾಸವಿಲ್ಲ ಎಂದು ಆಣೆ ಮಾಡುತ್ತಿದ್ದೆವು. ಎಲ್ಲಿ ಜಾರಿತು, ಯಾವ ಮದುವೆಯಲ್ಲಿ ಜಾರಿತು, ಗೊತ್ತಿಲ್ಲ. ದಿನಾ ನೋಡುವ ಮಗು ಬೆಳೆದದ್ದು ಮನೆಯವರಿಗೆ ಕಾಣದಂತೆ, ಆ ದನಿ ನಮ್ಮ ಕಣ್ಣೆದುರೇ ಬೇರೆಯಾಗಿ ಬೆಳೆದುಬಿಟ್ಟಿತ್ತು. ಅದು ಅಣ್ಣನದಲ್ಲ. ಮೂರು ಮೆಟ್ಟಿಲು ಕೆಳಗೆ ತಮ್ಮನದು ಬೇರೆಯೇ ಇದೆ. ಹಾಗಾದರೆ ಪ್ರತಿ ಮಂಗಳವಾರ ಮೇಲಿನ ಮನೆಗೆ ಬರುತ್ತಿದ್ದದ್ದು ಯಾರು?

ಈ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ತಮ್ಮ ಮಾತ್ರ, "ಪಾಪ, ಅಣ್ಣನಿಗೆ ನೆಗಡಿ ಆಗಿರ್ಬೇಕು ಅವತ್ತು" ಎಂದ. ಅವನಿಗೂ ಅದು ನಂಬುವ ಮಾತಾಗಿರಲಿಲ್ಲ.

ಮಂಗಳವಾರ ಮಗಳು ಅಮ್ಮನನ್ನು ಮುಂಗೋಣೆಗೆ ಕರೆತಂದು, ದೀಪದ ಕೆಳಗೆ ಕೂರಿಸಿ, ಫೋನನ್ನು ಕೈಗೆ ಕೊಟ್ಟಳು. ನಾವು ನಮ್ಮ ನಮ್ಮ ವಾದ್ಯಗಳ ಹಿಂದೆ ಅಡಗಿದೆವು. ಅಡಗಲು ಡ್ರಮ್ಸಿನಷ್ಟು ಅನುಕೂಲದ್ದು ಬೇರೆ ಇಲ್ಲ. ಅತ್ತಿಗೆ ಗಂಡನನ್ನು ನೋಡಿ ಮೊದಲು ನಕ್ಕರು. ಬೆರಳಿನಿಂದ ಗಾಜಿನ ಮೇಲೆ ಕೋಟಿನ ಭುಜ ಮುಟ್ಟಿದರು. ಹಾಡು ಶುರುವಾಯಿತು. ನಗು ನಿಂತಿತು. ಕೊನೆಯವರೆಗೂ ಕೇಳಿ, ಫೋನನ್ನು ತೊಡೆಯ ಮೇಲೆ ಕವುಚಿ ಹಾಕಿದರು.

"ಇದು ಅವರಲ್ಲ."

"ಅಮ್ಮಾ, ಅಪ್ಪನೇ. ನೋಡು ಮುಖ."

"ಮುಖ ಅವರದ್ದೇ. ದನಿ ಅವರದ್ದಲ್ಲ. ಇಪ್ಪತ್ತು ವರ್ಷ ಡಬ್ಬೀಲಿದ್ರೆ ದನಿ ಕೆಡಲ್ವಾ, ಬಟ್ಟೆನೇ ಕೆಡುತ್ತೆ." ಮಗಳ ಕೆನ್ನೆ ಸವರಿದರು, ಜ್ವರ ಬಂದ ಮಗುವಿಗೆ ಸವರುವಂತೆ. "ನೀನು ಚಿಕ್ಕವಳಿದ್ದೆ, ನಿನಗೆ ಗೊತ್ತಿಲ್ಲ. ತಮ್ಮಾ, ನಿಮ್ಮಣ್ಣ ಹೇಗೆ ಹಾಡ್ತಿದ್ರು ಅಂತ ಇವಳಿಗೆ ಹಾಡಿ ತೋರ್ಸು."

ಮೇಷ್ಟ್ರ ಬೆರಳು ಅಭ್ಯಾಸದಿಂದ ಗುಂಡಿಯ ಮೇಲಿತ್ತು. ತಮ್ಮ ಎದ್ದು ನಿಂತ. ಅವನ ಬೆನ್ನು ನನಗೆ ಕಾಣುತ್ತಿತ್ತು. ಅದು ಎರಡು ಸಲ ಎದ್ದು ಇಳಿಯಿತು.

"ಮೇಷ್ಟ್ರೇ, ಒತ್ತಬೇಡಿ," ಎಂದ. "ಅತ್ತಿಗೆ, ಇವತ್ತು ಮೊದಲು ನನ್ನದೊಂದು ಕೇಳಿ."

ಕಾಲರಿನ ಹಾಡು ಹಾಡಿದ. ಹಬೆಯ ಸದ್ದಿಲ್ಲದೆ, ತೆರೆದ ಕೋಣೆಯಲ್ಲಿ, ಆ ದನಿ ಗೋಡೆಯಿಂದ ಗೋಡೆಗೆ ತುಂಬಿತು. ಅತ್ತಿಗೆ ಅಲುಗಾಡದೆ ಕೇಳಿದರು. ಗಿರಾಕಿ ತಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೂಲು ನೋಡುವಾಗ ಅವರ ಮುಖ ಹಾಗಿರುತ್ತದೆ. ಹಾಡು ಮುಗಿಯಿತು. ನಾನು ಕೊನೆಯ ಪೆಟ್ಟನ್ನು ಹಾಕಲೋ ಬೇಡವೋ ಎಂದು ಕೋಲನ್ನು ತೊಡೆಯ ಮೇಲಿಟ್ಟೆ.

"ಇದು ನೀನು ಮಾಡಿದ್ದಾ?"

"ಹೌದು ಅತ್ತಿಗೆ."

"ಚೆನ್ನಾಗಿದೆ. ನಿನ್ನ ದನಿ ದಪ್ಪ ಕಣೋ, ನಿಮ್ಮಪ್ಪಂದು ಹೀಗೇ ಇತ್ತು."

"ಭಾನುವಾರ ಗೋದಾಮಿನಲ್ಲಿ ಇದನ್ನ ಹಾಡ್ಲಾ? ಹೂಂ ಅಂದ್ರೆ ಮಾತ್ರ."

"ಹಾಡು. ನಿನ್ನ ಹಾಡು ನೀನು ಹಾಡೋಕೆ ನನ್ನನ್ನ ಯಾಕೆ ಕೇಳ್ತೀಯ?" ಎಂದು ಅತ್ತಿಗೆ ಎದ್ದರು. ಮಗಳ ಮುಖ ಅರಳಿತು. ನನಗೂ, ಸುಳ್ಳು ಯಾಕೆ, ಭುಜದಿಂದ ಏನೋ ಇಳಿದಂತಾಯಿತು. ಅತ್ತಿಗೆ ಒಳಕೋಣೆಗೆ ಹೋದರು. ಕುರ್ಚಿ ಎಳೆದ ಸದ್ದು ಬಂತು. ದೀಪ ಆರಿತು.

"ಆಯ್ತಲ್ಲ ನಿಂದು," ಎಂದಿತು ಕತ್ತಲಿನಿಂದ ಅವರ ದನಿ, ಬಹಳ ಸಮಾಧಾನವಾಗಿ. "ಇನ್ನು ಅವರಿಗೆ ಹಾಡೋಕೆ ಬಿಡು."

ಆಮೇಲೆ ಮೇಷ್ಟ್ರು ಗುಂಡಿ ಒತ್ತಿದರು, ಮೂರು ಸಲ. ತಮ್ಮ ಕಣ್ಣು ಮುಚ್ಚಿ, ಮುಖ ತಿರುಗಿಸಿ, ಗಂಟಲು ಸರಿ ಮಾಡಿಕೊಂಡ. ಹಾಡಿದವನು ಯಾರೆಂದು ಈಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಹೆಸರಿಲ್ಲ, ಹುಟ್ಟಿದ ದಿನವಿಲ್ಲ, ನಮ್ಮ ಕಚೇರಿಯಲ್ಲಿ ಅವನ ಹೆಸರಿಗೆ ಪಾಲಿಸಿಯೂ ಇರಲಾರದು. ಆದರೂ ನಾನು ಅವನಿಗೆ ತಾಳ ಹಾಕಿದೆ. ಮಗಳು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು.

ಭಾನುವಾರ ತಮ್ಮ ಗೋದಾಮಿನಲ್ಲಿ ಹಾಡಿದ, ಹಿಂದೆ ನಾನು ತಾಳಕ್ಕೆ ಕೂತೆ. ಕೋಟು ಹಾಕಲಿಲ್ಲ, ತಾನೇ ಇಸ್ತ್ರಿ ಮಾಡಿದ ಬಿಳಿ ಶರ್ಟು. ಬೆಂಚುಗಳು ಅರ್ಧ ಖಾಲಿ. ಕೇಳಿದವರು ಚಪ್ಪಾಳೆ ಹೊಡೆಯುವ ಮುಂಚೆ ಒಂದು ಕ್ಷಣ ತಡೆದರು. ಮದುವೆಮನೆಯಲ್ಲಿ ಯಾರೂ ಹಾಗೆ ತಡೆಯುವುದಿಲ್ಲ, ಅಲ್ಲಿ ಚಪ್ಪಾಳೆ ಹಾಡಿಗಿಂತ ಮುಂಚೆ ಮುಗಿದಿರುತ್ತದೆ. ಇನ್ನೊಂದು ಹಾಡು ಎಂದು ಯಾರೋ ಕೇಳಿದರು. ಅವನ ಬಳಿ ಇನ್ನೊಂದಿತ್ತು. ಆಮೇಲೂ ಒಂದಿತ್ತು. ಮನೆಗೆ ನಡೆಯುತ್ತ ಅವನು ನನಗೆ ಹೇಳಿದ: "ವಿಮೆಯಣ್ಣ, ಹಾಡುವಾಗ ಕಣ್ಣು ಬಿಟ್ಕೊಂಡಿದ್ದೆ, ನೋಡಿದ್ಯಾ? ಎಷ್ಟೊಂದು ಜನ ಇರ್ತಾರೆ ಎದುರಿಗೆ." ನಾನು ನೋಡಿರಲಿಲ್ಲ. ನನಗೆ ಕಾಣುವುದು ಬೆನ್ನು.

ಅಲ್ಲಿಂದ ಅವನು ಭಾನುವಾರ ಒಬ್ಬ, ಮಂಗಳವಾರ ಇನ್ನೊಬ್ಬ. ಮದುವೆಗಳನ್ನು ನಾವು ಕಡಿಮೆ ಮಾಡಿದೆವು. ಆದರೆ ಮಂಗಳವಾರದ ದನಿ ದಿನದಿಂದ ದಿನಕ್ಕೆ ಕಷ್ಟವಾಗತೊಡಗಿತು. ಮೊದಲೆಲ್ಲ ಅದು ತಾನಾಗಿ ಬರುತ್ತಿತ್ತು. ಈಗ ಕರೆದು ತರಬೇಕು. ಬರುವಾಗ ದಾರಿ ತಪ್ಪಿದಂತೆ ನಡುವೆ ಬಿರುಕು ಬಿಡುವುದು, ಇದ್ದಕ್ಕಿದ್ದಂತೆ ದಪ್ಪ ದನಿ ಇಣುಕುವುದು. ಆಗೆಲ್ಲ ಒಳಗಿನಿಂದ ಅತ್ತಿಗೆಯ ಕುರ್ಚಿ ಕಿರುಗುಟ್ಟುತ್ತಿತ್ತು. ತಮ್ಮ ಬೆವರುತ್ತಿದ್ದ.

ಕಳೆದ ಮಂಗಳವಾರ ಬಾಯಿ ತೆರೆದರೆ ಏನೂ ಬರಲಿಲ್ಲ. ಮೇಷ್ಟ್ರು ಮೂರು ಸಲ ಒತ್ತಿದ್ದರು, ನಾನು ನಾಲ್ಕು ಎಣಿಸಿದ್ದೆ. ಗಾಳಿ ಬಂತು, ದನಿ ಬರಲಿಲ್ಲ. ಮತ್ತೆ ಎಣಿಸಿದೆ. ಅವನು ತಲೆಯಾಡಿಸಿ, ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೂತುಬಿಟ್ಟ. "ಹೋದ ಮೇಷ್ಟ್ರೇ," ಎಂದ ಪಿಸುದನಿಯಲ್ಲಿ. "ಸಿಗ್ತಿಲ್ಲ. ಅತ್ತಿಗೆಗೆ ಏನು ಹೇಳ್ಲಿ?"

ಮೇಷ್ಟ್ರು ಕೀಬೋರ್ಡಿನಿಂದ ಕೈ ತೆಗೆದರು. ಅತ್ತಿಗೆ ದೀಪ ಹಾಕಿಕೊಂಡು ಹೊರಗೆ ಬರುತ್ತಾರೆ, ಕೇಳುತ್ತಾರೆ, ಯಾರು ಉತ್ತರ ಹೇಳುವುದು ಎಂದು ನಾವು ಕಾದು ಕೂತೆವು. ಕೆಳಗೆ ರಸ್ತೆಯಲ್ಲಿ ಸೈಕಲ್ಲೊಂದು ಹೋಯಿತು. ಕೋಣೆಯಲ್ಲಿ ಬೇರೇನೂ ಸದ್ದಿರಲಿಲ್ಲ. ಅಷ್ಟು ಹೊತ್ತು, ಒಂದು ಹಾಡು ಹಾಡಿ ಮುಗಿಸುವಷ್ಟು ಹೊತ್ತು, ನಾವು ಸುಮ್ಮನಿದ್ದೆವು.

ಆಮೇಲೆ ಒಳಗಿನ ಕತ್ತಲಿನಿಂದ ಅತ್ತಿಗೆಯ ದನಿ ಬಂತು. "ಇವತ್ತು ಗಂಟಲು ಸರಿಹೋಗಿದೆ ನೋಡಿ ನಿಮ್ಮದು," ಎಂದರು. "ಇನ್ನೊಂದು ಹಾಡಿ."

ತಮ್ಮನಿಗೆ ಇದು ಬಿಡುಗಡೆ ಎಂದುಕೊಂಡು ಅವನ ಕಡೆ ತಿರುಗಿದೆ. ಈ ಸಲ ನನಗೆ ಕಂಡದ್ದು ಬೆನ್ನಲ್ಲ, ಮುಖ. ಅದರಲ್ಲಿ ಬಿಡುಗಡೆ ಇರಲಿಲ್ಲ. ತನ್ನ ಕೆಲಸಕ್ಕೆ ಬೇರೆ ಯಾರನ್ನೋ ಇಟ್ಟುಕೊಂಡಿದ್ದಾರೆ ಎಂದು ಬಾಗಿಲಲ್ಲಿ ತಿಳಿದವನ ಮುಖ ಅದು. ಅವನು ನಿಧಾನವಾಗಿ ಎದ್ದು, ಅರ್ಧ ತೆರೆದ ಬಾಗಿಲಿನ ಹತ್ತಿರ ಹೋಗಿ, ಕಿವಿಗೊಟ್ಟು ನಿಂತ. ಬಹಳ ಹೊತ್ತು ನಿಂತ. ನಂತರ ನಮ್ಮ ಕಡೆ ತಿರುಗಿ, ತುಟಿ ಮಾತ್ರ ಅಲ್ಲಾಡಿಸಿ ಕೇಳಿದ:

"ಒಳಗೆ ಅತ್ತಿಗೆ ಕೇಳ್ತಿರೋದು ಯಾವ ಹಾಡು ಅಂತ ನಿಮಗೆ ಗೊತ್ತಾಗ್ತಿದೆಯಾ ಮೇಷ್ಟ್ರೇ?"